ಮಗಳ ರ‍್ಯಾಪ್ ಹಾಡನ್ನು ಡಿಲೀಟ್ ಮಾಡಿಸಬೇಕಾ?

ಪ್ರಶ್ನೆ: ಸರ್, ನನ್ನ ಮಗಳಿಗೆ 19 ವರ್ಷ. ಬಿ.ಎ. ಓದುತ್ತಿದ್ದಾಳೆ. ರ‍್ಯಾಪ್ ಬರೆದು ಫೋನಿನಲ್ಲೇ ರೆಕಾರ್ಡ್ ಮಾಡಿ ಹಾಕುತ್ತಾಳೆ. ನಮ್ಮ ಊರಿನ ಕಸವನ್ನೆಲ್ಲ ತಂದು ನಮ್ಮ ಕೇರಿಯ ಹಿಂದಿನ ಗುಂಡಿಗೆ ಸುರಿಯುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬೀಳುತ್ತದೆ, ಮನೆಯೊಳಗೆಲ್ಲ ಹೊಗೆ. ಅದರ ಮೇಲೆ ಒಂದು ಹಾಡು ಮಾಡಿದಳು. 40 ಸಾವಿರ ಜನ ನೋಡಿದ್ದಾರಂತೆ. ಅದರಲ್ಲಿ ನಮ್ಮ ವಾರ್ಡಿನ ಮೆಂಬರ್ ಹೆಸರು ಹಿಡಿದು "ದುಡ್ಡು ನುಂಗಿದ" ಅಂತ ಹಾಡಿದ್ದಾಳೆ. ಅವರ ಕಡೆಯ ಇಬ್ಬರು ಹುಡುಗರು ಮನೆಗೆ ಬಂದು, ತೆಗೆಸಿ, ಇಲ್ಲಾಂದ್ರೆ ಕೇಸ್ ಹಾಕಿಸ್ತೀವಿ ಅಂದು ಹೋದರು. ನಮ್ಮ ಯಜಮಾನರು ಪುರಸಭೆಯಲ್ಲೇ ಹೊರಗುತ್ತಿಗೆ ಮೇಲೆ ಕಸದ ಆಟೋ ಟಿಪ್ಪರ್ ಓಡಿಸುತ್ತಾರೆ. ಅವರಿಗೆ ಕೆಲಸ ಹೋಗುವ ಭಯ. ಮಗಳು "ನಾನು ಸುಳ್ಳು ಹೇಳಿಲ್ಲ, ತೆಗೆಯಲ್ಲ" ಅಂತಾಳೆ. ನಮ್ಮ ಅಣ್ಣ "ಇದೆಲ್ಲ ಅಮೆರಿಕದವರ ಶೋಕಿ, ಹಾಡು ಹೇಳಿದ್ರೆ ಕಸ ಹೋಗುತ್ತಾ" ಅಂತ ನಗುತ್ತಾನೆ. ನನಗೂ ಅದೇ ಅನುಮಾನ. ಹಾಡಿನಿಂದ ನಿಜವಾಗಿ ಏನಾದರೂ ಆಗುತ್ತಾ? ತೆಗೆಸಲಾ, ಬಿಡಲಾ?

– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಕಾಲೇಜು ಹುಡುಗ ಹುಡುಗಿಯರಿಗೆ ಹಾಡು ಕಟ್ಟುವ ಶಿಬಿರ ನಡೆಸುವುದು ನನ್ನ ಕೆಲಸ. ಹಾಡು ಹೊರಗೆ ಬಂದ ಮೇಲೆ ಆಗುವ ರಗಳೆಗಳನ್ನೂ ನೋಡಬೇಕಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಡಿಲೀಟ್ ಮಾಡಿಸಬೇಡಿ. ಈಗ ಇರುವ ಹಾಗೇ ಬಿಡಲೂ ಬೇಡಿ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಇದು ನಮ್ಮದಲ್ಲ ಅನ್ನುವುದು ಒಂದು. ಹಾಡಿನಿಂದ ಏನೂ ಆಗಲ್ಲ ಅನ್ನುವುದು ಇನ್ನೊಂದು. ಹಾಡಿನಿಂದ ಮನೆಗೆ ಏನಾದರೂ ಆಗಿಬಿಡುತ್ತೆ ಅನ್ನುವುದು ಮೂರನೆಯದು. ಕೊನೆಯ ಎರಡನ್ನು ಒಂದೇ ಉಸಿರಿನಲ್ಲಿ ಹೇಳುವವರು ಬಹಳ ಜನ ಇದ್ದಾರೆ. ಏನೂ ಆಗದ ಹಾಡಾಗಿದ್ದರೆ ಆ ಇಬ್ಬರು ಹುಡುಗರು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದರು, ಅಲ್ವಾ?

ನಿಮ್ಮ ಅಣ್ಣನವರ ಮಾತನ್ನು ಬೇಗ ಮುಗಿಸೋಣ. ರ‍್ಯಾಪ್ ಹುಟ್ಟಿದ್ದು ಅಮೆರಿಕದಲ್ಲೇ, ನಿಜ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಬಡ ಕಪ್ಪು ಜನರ ಮತ್ತು ಕೆರಿಬಿಯನ್ ದ್ವೀಪಗಳಿಂದ ಬಂದವರ ಕೇರಿಗಳಲ್ಲಿ. ಸ್ಪೋಕನ್ ವರ್ಡ್, ಅಂದರೆ ಪದ್ಯವನ್ನು ಜನರ ಮುಂದೆ ಬಾಯಲ್ಲೇ ಹೇಳುವ ಸ್ಪರ್ಧೆಗಳನ್ನು 1980ರ ದಶಕದಲ್ಲಿ ಶಿಕಾಗೋದ ಒಂದು ಬಾರಿನಲ್ಲಿ ಶುರು ಮಾಡಿದವರು ಮಾರ್ಕ್ ಸ್ಮಿತ್. ಕಟ್ಟಡ ಕೆಲಸ ಮಾಡಿಕೊಂಡಿದ್ದವರು. ಶೋಕಿಯವರು ಮಾಡಿದ್ದಂತೂ ಅಲ್ಲ. ಇನ್ನು ತಾಳಕ್ಕೆ ಮಾತು ಕೂಡಿಸಿ ಸವಾಲು ಹಾಕುವುದು ನಮಗೇನು ಹೊಸದೇ? ವಿಜಯಪುರ, ಬೆಳಗಾವಿ ಕಡೆ ಹರದೇಶಿ–ನಾಗೇಶಿ ಪದ ಕೇಳಿದವರಿಗೆ ಗೊತ್ತು. ಎರಡು ಮೇಳ ಎದುರಾಬದುರಾ ನಿಂತು, ಡಪ್ಪು ಬಡಿದುಕೊಂಡು, ಒಬ್ಬರ ಪದಕ್ಕೆ ಇನ್ನೊಬ್ಬರು ಬೆಳಗಾಗುವ ತನಕ ಉತ್ತರ ಕೊಡುತ್ತಾರೆ. ಇವತ್ತಿನ ಹುಡುಗರು ಬ್ಯಾಟಲ್ ಅನ್ನುವುದು ಅದನ್ನೇ. ಸ್ವಾತಂತ್ರ್ಯ ಚಳವಳಿ ಹೊತ್ತಿನಲ್ಲಿ ಗೀಗೀ ಮೇಳದವರು ಸರ್ಕಾರವನ್ನು ಬೈದರು. 70ರ ದಶಕದ ಕೊನೆಗೆ ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಸಿದ್ಧಲಿಂಗಯ್ಯನವರ ಪದ್ಯಗಳನ್ನು ಊರೂರಿನಲ್ಲಿ ಹಾಡಿದರು. ಆಗಲೂ "ಹಾಡು ಹೇಳಿದ್ರೆ ಏನಾಗುತ್ತೆ" ಅಂದವರಿದ್ದರು.

ಈಗ ನೀವು ಕೇಳಿದ ದೊಡ್ಡ ಪ್ರಶ್ನೆ. ಹಾಡಿನಿಂದ ಕಸ ಹೋಗುತ್ತಾ?

ಇದಕ್ಕೆ ನಾನು ಯಾವಾಗಲೂ ಕೊಡೈಕೆನಾಲ್ ಉದಾಹರಣೆ ಕೊಡುತ್ತೇನೆ. ಹೇಳುವವರು ಬಹಳ ಸಲ ಇದರ ಅರ್ಧ ಕಥೆ ಮಾತ್ರ ಹೇಳುತ್ತಾರೆ. ಆ ಅರ್ಧ ಹೀಗಿದೆ: 2015ರ ಜುಲೈ ಕೊನೆಗೆ ಚೆನ್ನೈನ ಸೋಫಿಯಾ ಅಶ್ರಫ್ ಎಂಬ ರ‍್ಯಾಪರ್ ಒಂದು ವಿಡಿಯೋ ಹಾಕಿದರು. ಕೊಡೈಕೆನಾಲಿನಲ್ಲಿ ಹಿಂದೂಸ್ತಾನ್ ಯೂನಿಲಿವರ್‌ನವರ ಥರ್ಮಾಮೀಟರ್ ಕಾರ್ಖಾನೆ ಇತ್ತು. ಅದರ ಪಾದರಸ ಮಣ್ಣಿಗೆ ಸೇರಿದೆ, ಅಲ್ಲಿ ದುಡಿದವರಿಗೆ ಪರಿಹಾರ ಸಿಕ್ಕಿಲ್ಲ ಎಂಬುದು ಹಾಡಿನ ವಿಷಯ. ಆ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿದ್ದ ಒಂದು ಅಮೆರಿಕನ್ ರ‍್ಯಾಪ್ ಹಾಡಿನ ಧಾಟಿಯಲ್ಲೇ ಹಾಡಿದರು. ಆ ಹಾಡಿನ ಮೂಲ ಗಾಯಕಿ ನಿಕಿ ಮಿನಾಜ್ ಕೂಡ ಅದನ್ನು ಹಂಚಿಕೊಂಡರು. ಲಕ್ಷಗಟ್ಟಲೆ ಜನ ನೋಡಿದರು. ಕಂಪನಿಯ ಜಾಗತಿಕ ಮುಖ್ಯಸ್ಥರೇ ಟ್ವಿಟರ್‌ನಲ್ಲಿ ಉತ್ತರ ಕೊಡಬೇಕಾಯಿತು. 2016ರ ಮಾರ್ಚ್‌ನಲ್ಲಿ 591 ಮಾಜಿ ಕೆಲಸಗಾರರ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಎಂಟು ತಿಂಗಳು. ನೋಡಿ, ಒಂದು ಹಾಡು ಏನು ಮಾಡಿತು ಅಂತ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ.

ಉಳಿದ ಅರ್ಧ ಹಾಡಿಗಿಂತ 14 ವರ್ಷ ಹಿಂದೆ ಶುರುವಾಗುತ್ತದೆ. 2001ರ ಮಾರ್ಚ್‌ನಲ್ಲಿ ಊರಿನವರು ಮತ್ತು ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಪಟ್ಟಣದ ಒಂದು ಗುಜರಿ ಅಂಗಡಿಯಲ್ಲಿ ಪಾದರಸ ಮೆತ್ತಿದ ಗಾಜಿನ ಚೂರುಗಳ ರಾಶಿಯನ್ನು ಪತ್ತೆ ಮಾಡಿ ಪತ್ರಿಕೆಯವರಿಗೆ ತೋರಿಸಿದರು. ಅದೇ ತಿಂಗಳು ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳಿಸಬೇಕಾಯಿತು. ಮಾಜಿ ಕೆಲಸಗಾರರು ಸಂಘ ಕಟ್ಟಿಕೊಂಡು 2006ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದರು. ಕೆಲಸಗಾರರ ಆರೋಗ್ಯ ಕೆಟ್ಟಿದ್ದು ಕಾರ್ಖಾನೆಯಿಂದ ಅಲ್ಲ ಅಂತ ಕಂಪನಿ ಉದ್ದಕ್ಕೂ ವಾದಿಸಿತು. ಕೊನೆಗೆ ಕೊಟ್ಟ ಪರಿಹಾರವನ್ನೂ ಮಾನವೀಯ ನೆಲೆಯಲ್ಲಿ ಕೊಟ್ಟಿದ್ದು ಅಂದಿತು. ಅಂದರೆ ಸೋಫಿಯಾ ಮೈಕ್ ಹಿಡಿಯುವ ಹೊತ್ತಿಗೆ ಸಂಘ ಇತ್ತು, ಕೇಸ್ ಇತ್ತು, ದಾಖಲೆಗಳ ಕಟ್ಟು ಇತ್ತು, ಕೆಲಸಗಾರರ ಹೆಸರಿನ ಪಟ್ಟಿ ಇತ್ತು. ಇಲ್ಲದೇ ಇದ್ದದ್ದು ಕೇಳುವ ಕಿವಿ. ಹಾಡು ಅದನ್ನು ತಂದುಕೊಟ್ಟಿತು. ವಿಡಿಯೋದ ಜೊತೆಗೇ ಸಹಿ ಹಾಕುವ ಮನವಿಯೂ ಇತ್ತು. ನೋಡಿ ಬೇಜಾರಾದವರಿಗೆ ಮುಂದೇನು ಮಾಡಬೇಕು ಅನ್ನುವುದು ಅಲ್ಲೇ ಸಿಗುತ್ತಿತ್ತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೆಲಸಗಾರರಿಗೆ ಹಣ ಬಂತು, ಮಣ್ಣು ಶುದ್ಧವಾಗಲಿಲ್ಲ. ಎಷ್ಟು ಪಾದರಸ ಉಳಿದರೆ ಶುದ್ಧ ಅನ್ನಬಹುದು ಅನ್ನುವುದರ ಮೇಲೆ ಜಗಳ ಮುಂದುವರಿಯಿತು. 2018ರಲ್ಲಿ ಸೋಫಿಯಾ ಇನ್ನೊಂದು ವಿಡಿಯೋ ಮಾಡಿದರು. ಈ ಸಲ ಕರ್ನಾಟಕ ಸಂಗೀತದ ಟಿ.ಎಂ. ಕೃಷ್ಣ ಕೂಡ ಜೊತೆಗಿದ್ದರು. ಮೊದಲನೆಯದಕ್ಕೆ ಸಿಕ್ಕಷ್ಟು ಗಲಾಟೆ ಎರಡನೆಯದಕ್ಕೆ ಸಿಗಲಿಲ್ಲ. ಇದು ನನ್ನ ಅನುಭವಕ್ಕೂ ಸರಿಹೊಂದುತ್ತದೆ. ಒಂದು ಹಾಡು ಒಂದು ಸಲ ಜನರನ್ನು ತಿರುಗಿ ನೋಡುವಂತೆ ಮಾಡುತ್ತದೆ. ತಿರುಗಿ ನೋಡಿದವರ ಮುಂದೆ ಇಡಲು ನಿಮ್ಮ ಹತ್ತಿರ ಏನಿದೆ? ಆಟ ಇರುವುದು ಅಲ್ಲಿ.

ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲೂ ಹೀಗೇ ಆಯಿತು. 2011ರ ಜನವರಿಯಲ್ಲಿ, ಕರೆಂಟು ಹೋಗಿ ಹೋಗಿ ರೋಸಿಹೋದ ರ‍್ಯಾಪರ್‌ಗಳು ಮತ್ತು ಪತ್ರಕರ್ತರು ಡಕಾರ್‌ನಲ್ಲಿ 'ಯಾನ್ ಎ ಮಾರ್' ಅಂತ ಒಂದು ಬಳಗ ಕಟ್ಟಿದರು. ಸಾಕಾಗಿದೆ ಅಂತ ಅರ್ಥ. ಅವರು ಹಾಡಿದ್ದಷ್ಟೇ ಅಲ್ಲ, ಓಣಿ ಓಣಿ ತಿರುಗಿ ಹುಡುಗರನ್ನು ಮತದಾರರ ಪಟ್ಟಿಗೆ ಸೇರಿಸಿದರು. 2012ರ ಚುನಾವಣೆಯಲ್ಲಿ ಅಧ್ಯಕ್ಷ ವಾಡ್ ಸೋತರು. ಹಾಡಿನಿಂದಲೇ ಸೋತರು ಅಂದರೆ ನಾನು ಒಪ್ಪಲ್ಲ. ಹಾಡು ಜನರನ್ನು ಸೇರಿಸಿತು, ಸೇರಿದ ಜನರ ಕೈಗೆ ಅರ್ಜಿ ಫಾರಂ ಸಿಕ್ಕಿತು. ನನಗೆ ಮುಖ್ಯ ಅನಿಸುವುದು ಆ ಫಾರಂ.

ಹಾಗಾಗಿ 40 ಸಾವಿರ ವ್ಯೂಸ್ ಅನ್ನುವ ಅಂಕಿ ನನಗೆ ಅಷ್ಟು ದೊಡ್ಡದಲ್ಲ. ಅದರಲ್ಲಿ ನಿಮ್ಮ ಊರಿನವರು ಎಷ್ಟು ಜನ? ನಿಮ್ಮ ಕೇರಿಯ ಎಷ್ಟು ಮನೆಯವರು ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ? ಪುರಸಭೆ ಮುಖ್ಯಾಧಿಕಾರಿಗೆ ಲೆಕ್ಕಕ್ಕೆ ಬರುವುದು ಅದು. ಬೆಂಗಳೂರಿನಲ್ಲಿ ಕೂತು ಲೈಕ್ ಒತ್ತಿದವರು ಅವರಿಗೆ ಯಾವ ಲೆಕ್ಕ?

ಇನ್ನು ಭಯದ ವಿಷಯ. ಇಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಮಗಳ ಕಡೆಯದು, ಹಾಡು ಕಲೆ, ಅದಕ್ಕೆ ಕೇಸ್ ಹಾಕೋಕಾಗಲ್ಲ ಅನ್ನುವುದು. ಆಗುತ್ತದೆ. 2023ರಲ್ಲಿ ಮಹಾರಾಷ್ಟ್ರದಲ್ಲಿ ರಾಜಕಾರಣಿಗಳ ಮೇಲೆ ರ‍್ಯಾಪ್ ಮಾಡಿದ ಇಬ್ಬರು ಯುವಕರ ಮೇಲೆ ಪೊಲೀಸ್ ಕೇಸ್ ಆಯಿತು. ಮನೆಯವರ ಕಡೆಯದು, ಹೆಸರು ಹೇಳಿದರೆ ಪೊಲೀಸರು ಬಂದು ಎತ್ತಿಕೊಂಡು ಹೋಗುತ್ತಾರೆ ಅನ್ನುವುದು. ಅದೂ ಅಷ್ಟು ಸುಲಭ ಇಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಇದಕ್ಕೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಬಂಧಿಸುವ ಹಾಗಿಲ್ಲ. ಮಾನ ಹೋಯಿತು ಅನ್ನುವವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ದೂರು ಕೊಡಬೇಕು. ಜಾಮೀನು ಸಿಗುವ ಅಪರಾಧ ಅದು. ಹೇಳಿದ್ದು ನಿಜ, ಜನರ ಹಿತಕ್ಕೆ ಹೇಳಿದ್ದು ಅಂತ ತೋರಿಸಿದರೆ ಅದಕ್ಕೆ ವಿನಾಯಿತಿಯೂ ಇದೆ.

ಆದರೆ 'ತೋರಿಸಿದರೆ' ಅನ್ನುವ ಮಾತನ್ನು ಬಿಡಬೇಡಿ. ಕಸ ಸುರಿಯುತ್ತಿರುವುದನ್ನು ನಿಮ್ಮ ಮಗಳು ತೋರಿಸಬಲ್ಲಳು. ಹೊಗೆಯನ್ನು ತೋರಿಸಬಲ್ಲಳು. ಮೆಂಬರ್ ದುಡ್ಡು ನುಂಗಿದ್ದನ್ನು ಹೇಗೆ ತೋರಿಸುತ್ತಾಳೆ? ಕೇರಿಯಲ್ಲಿ ಎಲ್ಲರಿಗೂ ಗೊತ್ತು ಅನ್ನುವುದು ಕೋರ್ಟಿನಲ್ಲಿ ನಡೆಯಲ್ಲ. "ನಾನು ಸುಳ್ಳು ಹೇಳಿಲ್ಲ" ಅನ್ನುವ ಅವಳ ಮಾತಿನ ಮೇಲೆ ನನಗೆ ನಂಬಿಕೆ ಇದೆ. ಆದರೂ ಹಾಡಿನಲ್ಲಿ ಅವಳು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಪೆನ್ಸಿಲ್ ಹಿಡಿದು ಗೆರೆ ಎಳೆಯಲಿ. ಶಿಬಿರದಲ್ಲಿ ನಾನು ಮೊದಲು ಮಾಡಿಸುವುದೇ ಇದು. ಗೆರೆ ಎಳೆದ ಮೇಲೆ ಹಾಡು ಸಣ್ಣದಾಗುತ್ತದೆ, ಏಟು ಮಾತ್ರ ಜಾಸ್ತಿಯಾಗುತ್ತದೆ.

ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಮಾನಹಾನಿಯಲ್ಲಿ ಕೈ ಹಾಕಲಾಗದ ಪೊಲೀಸರು ದ್ವೇಷ ಹಬ್ಬಿಸಿದರು, ಶಾಂತಿ ಕದಡಿದರು ಅನ್ನುವ ಸೆಕ್ಷನ್‌ಗಳಲ್ಲಿ ಎಫ್‌ಐಆರ್ ಹಾಕಬಹುದು. ಹಾಡಿನಲ್ಲಿ ಯಾವುದೇ ಜಾತಿ, ಧರ್ಮದ ಮೇಲೆ ಬೈಗುಳ ಇದ್ದರೆ ಇವತ್ತೇ ತೆಗೆಯಿರಿ. ಹೊಡಿ, ಬಡಿ, ಸುಡು ಅನ್ನುವ ಮಾತಿದ್ದರೂ ಅಷ್ಟೇ. ಅದಿಲ್ಲದಿದ್ದರೆ ಒಂದು ಒಳ್ಳೆಯ ಆಸರೆ ಇದೆ. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್, ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರು ಹಾಕಿದ್ದ ಒಂದು ಪದ್ಯದ ವಿಡಿಯೋ ಮೇಲಿನ ಎಫ್‌ಐಆರ್ ರದ್ದು ಮಾಡಿತು. ಪದ್ಯವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ, ವಿವೇಕ ಇರುವ ಮನುಷ್ಯನ ಕಣ್ಣಿನಿಂದ, ಎಲ್ಲದರಲ್ಲೂ ಬೆದರಿಕೆ ಕಾಣುವವರ ಕಣ್ಣಿನಿಂದ ಅಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಇಂಥ ಮಾತಿನ ಅಪರಾಧಗಳಲ್ಲಿ, ಎಫ್‌ಐಆರ್‌ಗೆ ಮೊದಲು ಪೊಲೀಸರು ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಅಂತಲೂ ಹೇಳಿದೆ. ನಿಮ್ಮ ವಕೀಲರಿಗೆ ಈ ತೀರ್ಪು ಗೊತ್ತಿರಲಿ.

ವಕೀಲರಿಗೆ ಕೊಡೋಕೆ ದುಡ್ಡೆಲ್ಲಿ ಅಂತ ಕೇಳಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಿಟ್ಟಿ ವಕೀಲರು ಸಿಗುತ್ತಾರೆ. ಆದಾಯ ನೋಡಲ್ಲ. ಸಹಾಯವಾಣಿ 15100. ಮನೆಗೆ ಬಂದವರು ಯಾವ ದಿನ, ಎಷ್ಟು ಹೊತ್ತಿಗೆ ಬಂದರು, ಏನೇನು ಅಂದರು, ಯಾರು ಕೇಳಿಸಿಕೊಂಡರು, ಎಲ್ಲ ಬರೆದಿಡಿ. ಜಾತಿ ಎತ್ತಿ ಬೈದಿದ್ದರೆ ಅದನ್ನು ವಕೀಲರಿಗೆ ಮೊದಲು ಹೇಳಿ, ಆ ಮಾತಿಗೆ ಬೇರೆಯೇ ಕಾಯ್ದೆ ಇದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಹಾಡು ಪೂರ್ತಿ ತೆಗೆದರೆ ಇವತ್ತಿನ ಮಟ್ಟಿಗೆ ಮನೆ ಶಾಂತ. ಆದರೆ ಬೆದರಿಸಿದರೆ ಇವರು ಸುಮ್ಮನಾಗುತ್ತಾರೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಹಾಡು ಆಗಲೇ ಬೇರೆಯವರ ಫೋನಿನಲ್ಲಿ ಇರುತ್ತದೆ ಬೇರೆ. ಹಾಗೇ ಬಿಟ್ಟರೆ ಒಂದೇ ಒಂದು ಸಾಲಿನಿಂದ ಇಡೀ ಹಾಡು ಮೆಂಬರ್ ಮತ್ತು ನಿಮ್ಮ ಮಗಳ ಜಗಳವಾಗಿಬಿಡುತ್ತದೆ. ಕಸದ ಮಾತು ಹಿಂದೆ ಬೀಳುತ್ತದೆ. ಅವರಿಗೆ ಬೇಕಾದದ್ದೂ ಅದೇ. ಸುಳ್ಳು ಹೆಸರಿನ ಅಕೌಂಟಿನಿಂದ ಹಾಕುತ್ತೇನೆ ಅಂತ ಮಗಳು ಹೇಳಬಹುದು, ಈ ವಯಸ್ಸಿನವರಿಗೆ ಹೊಳೆಯುವ ಉಪಾಯ ಅದು. ಬೇಡ. ಸಣ್ಣ ಊರಿನಲ್ಲಿ ದನಿ ಕೇಳಿದರೇ ಗೊತ್ತಾಗುತ್ತದೆ, ಆಮೇಲೆ ಕದ್ದು ಹಾಡಿದಳು ಅನ್ನುವ ಮಾತೂ ಸೇರುತ್ತದೆ.

ನಾನು ಹೇಳುವ ದಾರಿ: ವಿಡಿಯೋವನ್ನು ಸದ್ಯಕ್ಕೆ ಪ್ರೈವೇಟ್ ಮಾಡಲಿ. ಅಳಿಸುವುದು ಬೇಡ. ಆ ಸಾಲು ಬದಲಿಸಿ ಮತ್ತೆ ರೆಕಾರ್ಡ್ ಮಾಡಲಿ. ಅಷ್ಟರಲ್ಲಿ ಕಾಗದದ ಕೆಲಸ ನಡೆಯಲಿ, ಅದೇನು ಅಂತ ಕೊನೆಗೆ ಹೇಳುತ್ತೇನೆ. ಎರಡೂ ಸಿದ್ಧವಾದ ದಿನ ಒಟ್ಟಿಗೆ ಹೊರಗೆ ಬರಲಿ. ಇದರಲ್ಲೂ ಅಪಾಯ ಇಲ್ಲದಿಲ್ಲ. ಮಧ್ಯದ ಆ ಕೆಲವು ವಾರ ಹೆದರಿ ತೆಗೆದರು ಅಂತ ಊರಲ್ಲಿ ಆಡಿಕೊಳ್ಳುತ್ತಾರೆ. 19ರ ಹುಡುಗಿಗೆ ಅದು ಕಷ್ಟ. ಅವಳನ್ನು ಕೂರಿಸಿಕೊಂಡು ಮಾತಾಡಿ, ನಿರ್ಧಾರ ಅವಳದೇ ಇರಲಿ. ಅವಳು ವಯಸ್ಸಿಗೆ ಬಂದವಳು.

ಸಾಲು ಬದಲಿಸಿದರೆ ಹಾಡು ಸಪ್ಪೆಯಾಗುತ್ತೆ ಅಂತ ಅವಳು ವಾದ ಮಾಡುತ್ತಾಳೆ, ನನಗೆ ಗೊತ್ತು. ಆಗಲ್ಲ. ಸಿನಿಮಾ ಹಾಡಿಗಿಂತ ರ‍್ಯಾಪಿನಲ್ಲಿ ಎಷ್ಟೋ ಜಾಸ್ತಿ ಮಾತು ಹಿಡಿಸುತ್ತದೆ. ನಿಮಿಷಕ್ಕೆ 90 ಬೀಟಿನ ವೇಗದಲ್ಲಿ 16 ಬಾರ್‌ನ ಒಂದು ವರ್ಸ್ (ಚರಣ) ಅಂದರೆ ಸುಮಾರು 43 ಸೆಕೆಂಡು. ನಾಲ್ಕು ಬೀಟಿಗೆ ಒಂದು ಬಾರ್. ಅಷ್ಟರಲ್ಲಿ ಒಂದು ಇಡೀ ಅರ್ಜಿಯ ವಿಷಯ ಹೇಳಬಹುದು. ಬೈಗುಳಕ್ಕೆ ಜಾಗ ಕೊಟ್ಟಷ್ಟೂ ಲೆಕ್ಕಕ್ಕೆ ಜಾಗ ಕಡಿಮೆ. ಸುಮ್ನೆ ಮಾದರಿಗೆ ಅಂತ ನಾನೇ ನಾಲ್ಕು ಸಾಲು ಬರೆದೆ. ಗಾಡಿಯ ಅಂಕಿ ನನ್ನ ಕಲ್ಪನೆ, ಅವಳು ಎಣಿಸಿ ಹಾಕಲಿ:

ದಿನಾ ಏಳು ಗಾಡಿ ಬರ್ತಾವೆ, ನಿಂತು ಎಣಿಸಿ ನೋಡು
ಬೇಲಿ ಇಲ್ಲ, ಗೇಟಿಲ್ಲ, ಹೊಗೆಯೊಳಗೆ ನಮ್ ಗೂಡು
ಪರ್ಮಿಶನ್ನು ಎಲ್ಲೈತಣ್ಣ, ಬೋರ್ಡಿನ್ ಮೇಲೆ ಹಾಕು
ಹೆಸರು ನಾವು ಹೇಳದಿಲ್ಲ, ನಿನ್ ಸಹೀನೇ ಹೇಳ್ತತೆ ಸಾಕು

ಅವಳು ಇದಕ್ಕಿಂತ ಚೆನ್ನಾಗಿ ಬರೆಯುತ್ತಾಳೆ. ಪ್ರಶ್ನೆ ಕೇಳುವ ಸಾಲಿನ ಮೇಲೆ ಕೇಸ್ ಹಾಕುವುದು ಆರೋಪ ಮಾಡುವ ಸಾಲಿನಷ್ಟು ಸುಲಭ ಅಲ್ಲ. ಕೇಳುವ ಜನರಿಗೂ ಪ್ರಶ್ನೆ ಬಾಯಲ್ಲಿ ಉಳಿಯುತ್ತದೆ.

ಹಾಡಿನ ಬೀಟ್, ಅಂದರೆ ಹಿನ್ನೆಲೆ ಸಂಗೀತ, ಎಲ್ಲಿಂದ ತಂದಳು ಅಂತಲೂ ಕೇಳಿ. ಯೂಟ್ಯೂಬಿನಲ್ಲಿ 'ಫ್ರೀ ಬೀಟ್' ಅಂತ ಇರುವುದು ಎಲ್ಲ ಫ್ರೀ ಅಲ್ಲ. ಬಹಳ ಸಲ ದುಡ್ಡು ಮಾಡದಿದ್ದರೆ, ಹೆಸರು ಹಾಕಿದರೆ ಮಾತ್ರ ಅನ್ನುವ ಷರತ್ತು ಕೆಳಗೆ ಇರುತ್ತದೆ. ಮಾಲೀಕರು ತಕರಾರು ಮಾಡಿದರೆ ಒಳ್ಳೆಯ ಹಾಡು ಕಸದ ವಿಷಯಕ್ಕಲ್ಲ, ಬೀಟಿನ ವಿಷಯಕ್ಕೆ ಕೆಳಗಿಳಿಯುತ್ತದೆ. ನಿಮ್ಮ ಕೇರಿಯಲ್ಲಿ ತಮಟೆ ಬಾರಿಸುವವರು ಇದ್ದರೆ ಅವರದ್ದೇ ರೆಕಾರ್ಡ್ ಮಾಡಿ, ಅವರ ಹೆಸರು ಹಾಕಿ. ಕೇರಿಯ ನಾಲ್ಕು ದನಿ ಪಲ್ಲವಿಗೆ ಸೇರಿದರೆ ಇನ್ನೂ ಒಳ್ಳೆಯದು. ಒಬ್ಬ ಹುಡುಗಿಯನ್ನು ಹೆದರಿಸುವುದು ಸುಲಭ, ಓಣಿಯ ಹೆಂಗಸರನ್ನೆಲ್ಲ ಹೆದರಿಸುವುದು ಕಷ್ಟ. ಬೀಟೇ ಬೇಡ ಅಂದರೂ ನಡೆಯುತ್ತದೆ. ಅದೇ ಸಾಲುಗಳನ್ನು ಪುರಸಭೆ ಮುಂದೆ ಅರ್ಜಿ ಕೊಡುವ ದಿನ ಬರಿ ಬಾಯಲ್ಲಿ ಹೇಳಲಿ. ಸ್ಪೋಕನ್ ವರ್ಡ್ ಅಂದರೆ ಅಷ್ಟೇ, ಮೈಕ್ ಕೂಡ ಬೇಕಿಲ್ಲ. ಕಾಮೆಂಟುಗಳನ್ನು ಮಾತ್ರ ಅವಳು ಓದುವುದು ಬೇಡ. ಹುಡುಗಿಯರ ಹಾಡಿನ ಕೆಳಗೆ ಏನೇನು ಬರೆಯುತ್ತಾರೆ ಅಂತ ನಾನು ನೋಡಿದ್ದೇನೆ. ಒಬ್ಬ ಗೆಳತಿ ಓದಿ, ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಉಳಿದದ್ದನ್ನು ಅಳಿಸಲಿ.

ಕಾಗದದ ಕೆಲಸ ಅಂದೆನಲ್ಲ, ಅದು ಮಾಹಿತಿ ಹಕ್ಕಿನ ಅರ್ಜಿ. ಆ ಜಾಗದಲ್ಲಿ ಕಸ ಹಾಕಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿಯ ಪ್ರತಿ ಕೇಳಿ. ಅನುಮತಿ ಇಲ್ಲ ಅಂತ ಉತ್ತರ ಬಂದರೆ ಅದಕ್ಕಿಂತ ದೊಡ್ಡ ಸಾಲು ಯಾವ ಹಾಡಿನಲ್ಲೂ ಇರಲ್ಲ. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ.

ಈ ಅರ್ಜಿಯನ್ನು ನೀವಾಗಲಿ ಮಗಳಾಗಲಿ ಹಾಕಬೇಡಿ. ಕೇರಿಯ ಬೇರೆ ಯಾರಾದರೂ, ಪುರಸಭೆಯಲ್ಲಿ ಕೆಲಸಕ್ಕೆ ಇಲ್ಲದ ಮನೆಯವರು ಹಾಕಲಿ. ನಿಮ್ಮ ಯಜಮಾನರಿಗೆ ದಿನಕ್ಕೆ ಎಷ್ಟು ಗಾಡಿ, ಯಾರು ಎಲ್ಲಿ ಸುರಿಯಲು ಹೇಳುತ್ತಾರೆ ಎಲ್ಲ ಗೊತ್ತಿರುತ್ತದೆ. ಅವರ ಬಾಯಿಂದ ಬಂದ ಒಂದು ಅಂಕಿಯೂ ಹಾಡಿಗೆ ಹೋಗಬಾರದು. ಪುರಸಭೆಯ ಒಳಗಿನವರಿಗಷ್ಟೇ ಗೊತ್ತಿರುವ ಲೆಕ್ಕ ಹಾಡಿನಲ್ಲಿ ಕೇಳಿದರೆ ಮೊದಲು ನೋಡುವುದು ಅವರ ಮುಖವನ್ನೇ. ರಸ್ತೆಯಲ್ಲಿ ನಿಂತು ಯಾರು ಬೇಕಾದರೂ ಎಣಿಸಬಹುದಾದ ಲೆಕ್ಕ ಸಾಕು. ಹೊಸ ಹಾಡನ್ನು ಹಾಕುವ ಮೊದಲು ಅವರಿಗೆ ಒಂದು ಸಲ ಕೇಳಿಸಿ. ಯಾವ ಸಾಲಿನಿಂದ ತಮ್ಮ ಮೇಲೆ ಅನುಮಾನ ಬರುತ್ತದೆ ಅನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ, ಅಂಥ ಸಾಲನ್ನು ಮಗಳು ವಾದ ಮಾಡದೆ ಬಿಟ್ಟುಕೊಡಲಿ.